ಮಗನಿಗೆ ಯಾವ ತಂಡ ಹಿಡಿಸಲಿ? ಎನ್‌ಎಫ್‌ಎಲ್ (ಅಮೆರಿಕದ ಫುಟ್‌ಬಾಲ್ ಲೀಗ್) ನೋಡುವವರು ಅನುಭವ ಹೇಳಿ

ಫ್ರಿಸ್ಕೊ ಹೊಸಬ:
ಎಲ್ಲರಿಗೂ ನಮಸ್ಕಾರ. ನ್ಯೂಜೆರ್ಸಿಯಿಂದ ಟೆಕ್ಸಸ್‌ನ ಫ್ರಿಸ್ಕೊಗೆ ಬಂದು ಎಂಟು ತಿಂಗಳಾಯಿತು. ಮಗನಿಗೆ ಒಂಬತ್ತು ವರ್ಷ. ಈ 2025ರ ಏಪ್ರಿಲ್‌ನಲ್ಲಿ ಗ್ರೀನ್ ಬೇಯಲ್ಲಿ ನಡೆದ ಡ್ರಾಫ್ಟನ್ನು, ಅಂದರೆ ತಂಡಗಳು ಕಾಲೇಜು ಆಟಗಾರರನ್ನು ಸರದಿ ಪ್ರಕಾರ ಆರಿಸಿಕೊಳ್ಳುವುದನ್ನು, ಮೂರು ದಿನವೂ ಟಿವಿ ಬಿಟ್ಟು ಏಳದೆ ನೋಡಿದ. ಏಳನೇ ಸುತ್ತಿನವರೆಗೂ. ಶಾಲೆಯಲ್ಲಿ ಎಲ್ಲರೂ ಡಲ್ಲಾಸ್ ಕೌಬಾಯ್ಸ್ ತಂಡದ ಕಡೆ. ಇವನಿಗೆ ಇನ್ನೂ ತಂಡ ಇಲ್ಲ. ಊರಿನ ತಂಡ ಅಂತ ಕೌಬಾಯ್ಸ್ ಹಿಡಿಯುವುದಾ, ಇಲ್ಲ ಡ್ರಾಫ್ಟ್ ಚೆನ್ನಾಗಿ ಮಾಡುವ ತಂಡ ನೋಡಿ ಆರಿಸುವುದಾ? ವರ್ಷಕ್ಕೆ ಸಾವಿರ ಡಾಲರ್ ದಾಟಬಾರದು. ನವೆಂಬರ್ 27ರ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಆಟಕ್ಕೆ ಕನ್ಸಾಸ್ ಸಿಟಿಯ ಚೀಫ್ಸ್ ಇಲ್ಲಿಗೇ ಬರುತ್ತಾರೆ, ಅದಕ್ಕೊಂದು ಕರೆದುಕೊಂಡು ಹೋಗುವ ಆಸೆ. ನಾವು ನಾಲ್ಕು ಜನ. ತಿಳಿದವರು ಹೇಳಿ.

ಸನ್ನಿವೇಲ್ ಸೀನಿಯರ್:
ಮೊದಲು ನನ್ನ ಕಥೆ ಕೇಳಿ. 2014ರಲ್ಲಿ ಸ್ಯಾಂಟಾ ಕ್ಲಾರಾದಲ್ಲಿ ಹೊಸ ಸ್ಟೇಡಿಯಂ ಆಯಿತು. ಮನೆಯಿಂದ ಹತ್ತು ನಿಮಿಷ. ಸೀಸನ್ ಟಿಕೆಟ್ ಬೇಕು ಅಂದರೆ ಮೊದಲು ಸೀಟಿನ ಲೈಸೆನ್ಸ್ ಕೊಳ್ಳಬೇಕು. ಅಂದರೆ ಟಿಕೆಟ್ ಕೊಳ್ಳುವ ಹಕ್ಕಿಗೇ ಒಂದು ಟಿಕೆಟ್! ಎರಡು ಸೀಟು ತೆಗೆದುಕೊಂಡೆ, ಅಗ್ಗ ಅಂತ ಪೂರ್ವದ ಕಡೆ. ಮಧ್ಯಾಹ್ನದ ಬಿಸಿಲು ನೇರ ಮುಖಕ್ಕೆ. ಸೆಪ್ಟೆಂಬರ್‌ನಲ್ಲಿ ಅಲ್ಲಿ ಹಪ್ಪಳ ಒಣಗಿಸಬಹುದು. ತಪ್ಪು ನನ್ನದೇ, ನೆರಳಿನ ಕಡೆ ದುಡ್ಡು ಜಾಸ್ತಿ ಅಂತ ಜಿಪುಣತನ ಮಾಡಿದೆ.

ಅದಿರಲಿ. 2021ರ ಮಾರ್ಚ್‌ನಲ್ಲಿ ನಮ್ಮ ಸ್ಯಾನ್ ಫ್ರಾನ್ಸಿಸ್ಕೊ ನೈನರ್ಸ್ 12ನೇ ಪಿಕ್‌ನಿಂದ, ಅಂದರೆ ಆರಿಸುವ ಸರದಿಯಿಂದ, 3ಕ್ಕೆ ಹಾರಿದರು. ಮಯಾಮಿಗೆ ಕೊಟ್ಟಿದ್ದೇನು? ಆ 12, 2022ರ ಮೊದಲ ಸುತ್ತು, 2023ರ ಮೊದಲ ಸುತ್ತು, ಮೇಲೊಂದು ಮೂರನೇ ಸುತ್ತು. ಬಂದಿದ್ದು ಯಾರು? ಟ್ರೇ ಲ್ಯಾನ್ಸ್, ಚೆಂಡು ಎಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್. ಹಿಂದಿನ ವರ್ಷ ಕಾಲೇಜಿಗೆ ಆಡಿದ್ದು ಒಂದೇ ಒಂದು ಆಟ. ಇರಲಿ, ಹುಡುಗ ಗಟ್ಟಿ, ಓಡುತ್ತಾನೆ, ದೂರ ಎಸೆಯುತ್ತಾನೆ ಅಂದುಕೊಂಡು 5ನೇ ನಂಬರ್ ಜರ್ಸಿ ತರಿಸಿದೆ. ನನಗೆ, ಮಗಳಿಗೆ, ಬೇಡ ಬೇಡ ಅಂದರೂ ಹೆಂಡತಿಗೆ. ತೆರಿಗೆ ಸೇರಿ 390 ಡಾಲರ್. ನಮ್ಮ ತಂಡದಲ್ಲಿ ಅವನು ಮೊದಲ ಎಸೆತದಿಂದ ಇಳಿದಿದ್ದು ನಾಲ್ಕು ಆಟಕ್ಕೆ. ಲೆಕ್ಕ ಹಾಕಿ, ಜರ್ಸಿ ಖರ್ಚೇ ಆಟಕ್ಕೆ 97 ಡಾಲರ್ 50 ಸೆಂಟ್. 2022ರ ಎರಡನೇ ವಾರ ಸಿಯಾಟಲ್ ಮೇಲೆ ಕಾಲಿನ ಗಿಣ್ಣು ಮುರಿದುಕೊಂಡ. ಮುಂದಿನ ಆಗಸ್ಟ್‌ನಲ್ಲಿ ಒಂದು ನಾಲ್ಕನೇ ಸುತ್ತಿನ ಪಿಕ್‌ಗೆ ಡಲ್ಲಾಸ್‌ಗೆ ಮಾರಿದರು. ಹಳೇ ಪೇಪರ್‌ಗೂ ಇದಕ್ಕಿಂತ ಜಾಸ್ತಿ ಸಿಗುತ್ತದೆ.

ತಮಾಷೆ ಏನು ಅಂದರೆ 2022ರ ಡ್ರಾಫ್ಟ್‌ನಲ್ಲಿ 262ನೇಯವನಾಗಿ, ಪಟ್ಟಿಯ ಕಟ್ಟಕಡೆಗೆ, ಬ್ರಾಕ್ ಪರ್ಡಿ ಬಂದ. ಅವನೇ ನಮ್ಮನ್ನು ಸೂಪರ್ ಬೌಲ್‌ವರೆಗೆ, ಅಂದರೆ ಫೈನಲ್‌ವರೆಗೆ, ಎಳೆದುಕೊಂಡು ಹೋದ. ಅಲ್ಲಿ ಚೀಫ್ಸ್ ಎದುರು ಓವರ್‌ಟೈಮ್‌ನಲ್ಲಿ 25-22, ಸೋಲು. ಆ ರಾತ್ರಿ ಮಾಡಿದ್ದ ಬಿಸಿಬೇಳೆಬಾತ್ ಯಾರೂ ಮುಟ್ಟಲಿಲ್ಲ. ಡ್ರಾಫ್ಟ್ ನೋಡಿ ತಂಡ ಆರಿಸುತ್ತೇನೆ ಅನ್ನುವುದು ಜಾತಕ ನೋಡಿ ಅಳಿಯನನ್ನು ಆರಿಸಿದ ಹಾಗೆ ಸ್ವಾಮಿ.

ನೇಪರ್‌ವಿಲ್ ಕರಡಿ:
ಸೀನಿಯರ್, ನೀವು ಅಳಬೇಡಿ. ನಿಮಗೆ ಪರ್ಡಿ ಪುಕ್ಕಟೆ ಸಿಕ್ಕಿದ. ನಾನು ಶಿಕಾಗೊ ಬೇರ್ಸ್ ಅಭಿಮಾನಿ. ನಾನು ಅಳಬೇಕು.

2017. ನಮ್ಮ ಕೈಯಲ್ಲಿ 3ನೇ ಪಿಕ್. 2ಕ್ಕೆ ಏರಬೇಕಂತೆ. ಒಂದೇ ಒಂದು ಮೆಟ್ಟಿಲು! ಅದಕ್ಕೆ 3, 67, 111 ಮತ್ತು ಮುಂದಿನ ವರ್ಷದ ಮೂರನೇ ಸುತ್ತು ಕೊಟ್ಟರು. ಯಾರಿಗೆ? ಸ್ಯಾನ್ ಫ್ರಾನ್ಸಿಸ್ಕೊಗೆ. ಹೌದು ಸೀನಿಯರ್, ನಿಮ್ಮವರಿಗೇ. ಬಂದವನು ಮಿಚೆಲ್ ಟ್ರುಬಿಸ್ಕಿ. ಪ್ಯಾಟ್ರಿಕ್ ಮಹೋಮ್ಸ್ ಅನ್ನುವ ಹುಡುಗ ಅಲ್ಲೇ ಕೂತಿದ್ದ. 10ನೇ ಪಿಕ್‌ವರೆಗೂ ಕೂತಿದ್ದ. ಚೀಫ್ಸ್ 27ರಿಂದ ಹಾರಿ ಬಂದು ಎತ್ತಿಕೊಂಡು ಹೋದರು. ಆಮೇಲೆ ಅವನು ಅವರಿಗೆ ಸೂಪರ್ ಬೌಲ್‌ಗಳನ್ನೇ ಗೆದ್ದುಕೊಟ್ಟಿದ್ದು ನಿಮಗೇ ಗೊತ್ತು.

ಇನ್ನು 2019ರ ಜನವರಿ 6. ನಾನು ನಮ್ಮ ಸ್ಟೇಡಿಯಂ ಸೋಲ್ಜರ್ ಫೀಲ್ಡ್‌ನಲ್ಲೇ ಇದ್ದೆ. ಎರಡು ಟಿಕೆಟ್ 480, ಪಾರ್ಕಿಂಗ್ 65, ಎರಡು ಬಿಸಿ ಚಾಕೊಲೇಟ್ 19. ಮೂರು ಪದರ ಸ್ವೆಟರ್, ಅದರ ಮೇಲೆ ಟ್ರುಬಿಸ್ಕಿ ಜರ್ಸಿ, ಗುಡಾಣದ ಹಾಗೆ ಕಾಣುತ್ತಿದ್ದೆ. ಫಿಲಡೆಲ್ಫಿಯಾ ಈಗಲ್ಸ್ ಎದುರು 16-15, ಒಂದು ಪಾಯಿಂಟ್ ಹಿಂದೆ. ಗೆಲ್ಲಲು ನಮ್ಮ ಕೋಡಿ ಪಾರ್ಕಿ ಕಂಬಗಳ ನಡುವೆ ಹೋಗಲಿ ಅಂತ 43 ಗಜದಿಂದ ಒದ್ದ. ಚೆಂಡು ಎಡ ಕಂಬಕ್ಕೆ ಬಡಿಯಿತು, ಅಲ್ಲಿಂದ ಅಡ್ಡ ಕಂಬಕ್ಕೆ ಬಡಿಯಿತು, ಹೊರಗೆ ಬಿತ್ತು. ಆ ಎರಡು ಸದ್ದು ಈಗಲೂ ಕಿವಿಯಲ್ಲಿದೆ. ಶಿವಮೊಗ್ಗದಿಂದ ಅಪ್ಪ ಫೋನ್ ಮಾಡಿ, ‘ಒದೆಯೋಕೂ ಬರಲ್ವೇನೋ ಅವರಿಗೆ?’ ಅಂದರು. ಏನು ಹೇಳಲಿ?

ಸನ್ನಿವೇಲ್ ಸೀನಿಯರ್:
ಕರಡಿ ಅವರೇ, ಆ ನಿಮ್ಮ 3ನೇ ಪಿಕ್‌ನಲ್ಲಿ ನಾವು ತೆಗೆದುಕೊಂಡಿದ್ದು ಸಾಲಮನ್ ಥಾಮಸ್‌ನನ್ನು. ನಾವೂ ಮಹೋಮ್ಸ್ ಬಿಟ್ಟೆವು. ನಿಮ್ಮನ್ನು ದೋಚಿ ಮಹಡಿ ಮನೆಯನ್ನೇನೂ ಕಟ್ಟಲಿಲ್ಲ.

ಪ್ಲೇನೊ ಸ್ಟಾರ್:
ಹೊಸಬರೇ, ಈ ಅಳುಮುಂಜಿಗಳ ಮಾತು ಬಿಡಿ. ಫ್ರಿಸ್ಕೊದಲ್ಲಿ ಇದ್ದೀರಿ. ಕೌಬಾಯ್ಸ್ ತಂಡದ ಮುಖ್ಯ ಕಚೇರಿ, ಪ್ರಾಕ್ಟೀಸ್ ಮೈದಾನ ಎರಡೂ ನಿಮ್ಮೂರಲ್ಲೇ. ಕಾಶಿಯಲ್ಲಿ ಮನೆ ಮಾಡಿ ಯಾವ ದೇವರು ಅಂತ ಕೇಳ್ತೀರಲ್ಲ!

ಡ್ರಾಫ್ಟ್ ಬಗ್ಗೆ ಕೇಳಿದ್ದೀರಿ, ಹೇಳುತ್ತೇನೆ. 2014ರಲ್ಲಿ ಮಾಲೀಕ ಜೆರ್ರಿ ಜೋನ್ಸ್‌ಗೆ ಕ್ವಾರ್ಟರ್‌ಬ್ಯಾಕ್ ಜಾನಿ ಮಾನ್ಜೆಲ್ ಬೇಕಿತ್ತು. ಮಗ ಬೇಡ ಅಂತ ತಡೆದ. ತೆಗೆದುಕೊಂಡಿದ್ದು ಜ್ಯಾಕ್ ಮಾರ್ಟಿನ್, ಒಂಬತ್ತು ಸಲ ಪ್ರೊ ಬೌಲ್‌ಗೆ, ಅಂದರೆ ವರ್ಷದ ತಾರೆಗಳ ತಂಡಕ್ಕೆ, ಆಯ್ಕೆಯಾದವನು. ಗಾರ್ಡ್, ಅಂದರೆ ಮುಂದೆ ನಿಂತು ಎದುರಾಳಿಯನ್ನು ತಡೆಯುವವನ ಜರ್ಸಿ ಯಾರೂ ಕೊಳ್ಳುವುದಿಲ್ಲ, ನಾನು ಕೊಂಡೆ, ಹನ್ನೊಂದು ವರ್ಷ ಹಾಕಿದೆ. 2016ರಲ್ಲಿ ಡ್ಯಾಕ್ ಪ್ರೆಸ್ಕಾಟ್, ನಾಲ್ಕನೇ ಸುತ್ತು, 135ನೇ ಪಿಕ್. 2020ರಲ್ಲಿ ಸೀಡಿ ಲ್ಯಾಂಬ್ 17ಕ್ಕೆ. 2021ರಲ್ಲಿ ಮೈಕಾ ಪಾರ್ಸನ್ಸ್ 12ಕ್ಕೆ. ಇದು ಡ್ರಾಫ್ಟ್. ಒಂದು ಮೆಟ್ಟಿಲು ಏರಲು ಆಸ್ತಿ ಬರೆದುಕೊಡುವುದಲ್ಲ. ಸ್ಟೇಡಿಯಂ ಏಸಿ, ಹಪ್ಪಳ ಒಣಗುವುದಿಲ್ಲ, ಗುಡಾಣ ಆಗಬೇಕಿಲ್ಲ. ಹನ್ನೆರಡು ವರ್ಷದಿಂದ ನನ್ನ ಹತ್ತಿರ ಸೀಸನ್ ಟಿಕೆಟ್ ಇದೆ. ಒಂದು ಆಟವೂ ಬಿಟ್ಟಿಲ್ಲ, ಬಿಡುವುದೂ ಇಲ್ಲ.

ನೇಪರ್‌ವಿಲ್ ಕರಡಿ:
ಕಪ್ ಎಲ್ಲಿ ಸ್ಟಾರ್ ಸಾರ್? 1996ರ ಜನವರಿ ಆದಮೇಲೆ ಸೂಪರ್ ಬೌಲ್ ಹಾಳಾಗಲಿ, ಅದರ ಹಿಂದಿನ ಮೆಟ್ಟಿಲಿಗೂ ಹೋಗಿಲ್ಲ. 2024ರ ಜನವರಿಯಲ್ಲಿ ಅದೇ ಏಸಿ ಸ್ಟೇಡಿಯಂನಲ್ಲಿ ಗ್ರೀನ್ ಬೇ ಬಂದು 48-32 ಬಾರಿಸಿ ಹೋಯಿತು. ಮೈದಾನದ ಮೇಲೆ 50 ಗಜ ದಾಟುವ ಟಿವಿ, ಕಿಟಕಿಗೆ ಪರದೆ ಹಾಕುವುದಿಲ್ಲ. 2024ರ ನವೆಂಬರ್‌ನಲ್ಲಿ ಈಗಲ್ಸ್ ಮೇಲೆ ಲ್ಯಾಂಬ್ ಕಣ್ಣಿಗೆ ಬಿಸಿಲು ಹೊಡೆದು ಚೆಂಡೇ ಕಾಣಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು.

ಶಾರ್ಲೆಟ್ ಅಕ್ಕ:
ಗಂಡಸರು ಜರ್ಸಿ ಲೆಕ್ಕ ಹೇಳ್ತಿದ್ದೀರಿ. ನಾನು ಲೈಸೆನ್ಸ್ ಲೆಕ್ಕ ಹೇಳುತ್ತೇನೆ. ಸೀಟಿನ ಹಕ್ಕು ಮಾರಿ ಸ್ಟೇಡಿಯಂ ಕಟ್ಟುವುದನ್ನು ಎನ್‌ಎಫ್‌ಎಲ್‌ಗೆ ಕಲಿಸಿದ್ದೇ ನಮ್ಮೂರು, ತಂಡ ಒಂದು ಆಟ ಆಡುವ ಮೊದಲೇ, 1993ರಲ್ಲಿ. 2015ರಲ್ಲಿ ನಮ್ಮ ಪ್ಯಾಂಥರ್ಸ್ 15-1, ಅಂದರೆ ಹದಿನೈದು ಗೆಲುವು, ಒಂದು ಸೋಲು. ಸೂಪರ್ ಬೌಲ್‌ನಲ್ಲಿ ಡೆನ್ವರ್‌ಗೆ ಸೋತರೂ ಮುಂದಿನ ವರ್ಷ ನಮ್ಮದೇ ಅಂತ ಆಫೀಸಿನವರೊಬ್ಬರ ಹತ್ತಿರ ಎರಡು ಸೀಟಿನ ಹಕ್ಕು ಕೊಂಡೆ. ಚಿನ್ನದ ಬಳೆಗೆ ಇಟ್ಟಿದ್ದ ದುಡ್ಡು. ಮುಂದಿನ ವರ್ಷ 6-10.

ಆದರೂ ಎಂಟು ವರ್ಷ ಹಿಡಿದುಕೊಂಡೆ. 2023 ಬಂತು. 1ನೇ ಪಿಕ್ ಬೇಕು ಅಂತ ಶಿಕಾಗೊಗೆ ಏನೇನು ಕೊಟ್ಟರು ಗೊತ್ತಾ? 9ನೇ ಪಿಕ್, 61ನೇ ಪಿಕ್, 2024ರ ಮೊದಲ ಸುತ್ತು, 2025ರ ಎರಡನೇ ಸುತ್ತು, ಸಾಲದು ಅಂತ ಡಿ.ಜೆ. ಮೂರ್. ನಮ್ಮಲ್ಲಿ ಚೆಂಡು ಹಿಡಿಯುತ್ತಿದ್ದ ಒಬ್ಬನೇ ಒಬ್ಬ ನಂಬಿಗಸ್ತ! ಹೊಸ ಕ್ವಾರ್ಟರ್‌ಬ್ಯಾಕ್ ಬ್ರೈಸ್ ಯಂಗ್‌ಗೆ ಎಸೆಯಲು ಆಳೇ ಇಲ್ಲ. ಅಡುಗೆಯವನನ್ನು ಕರೆಸಲು ಒಲೆ ಮಾರಿದ ಹಾಗಾಯಿತು. ಆ ವರ್ಷ 2-15. ಎರಡನೇ ಪಿಕ್‌ನಲ್ಲಿ ಹೂಸ್ಟನ್‌ಗೆ ಹೋದ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್ ವರ್ಷದ ಹೊಸ ಆಟಗಾರ ಅನ್ನಿಸಿಕೊಂಡ. ನಮ್ಮ 2024ರ ಪಿಕ್ ಮತ್ತೆ 1ನೇಯದೇ ಆಯಿತು, ಅದೂ ಶಿಕಾಗೊಗೆ. ಮುಂದಿನ ವರ್ಷ ಎರಡೇ ಆಟಕ್ಕೆ ಯಂಗ್‌ನನ್ನು ಬೆಂಚಿಗೆ ಹಾಕಿದರು. ಅವತ್ತೇ ಹಕ್ಕು ಮಾರಿದೆ. ಕೊಟ್ಟಿದ್ದರ ಮೂರನೇ ಒಂದು ಪಾಲು ವಾಪಸ್ ಬಂತು. ಆಮೇಲೆ ಆ ಹುಡುಗ ಚೆನ್ನಾಗಿ ಆಡತೊಡಗಿದ. ಇದನ್ನು ನಮ್ಮ ಮನೆಯವರ ಮುಂದೆ ಯಾರೂ ಎತ್ತುವಂತಿಲ್ಲ.

ನೇಪರ್‌ವಿಲ್ ಕರಡಿ:
ಅಕ್ಕ, ನಿಮ್ಮ ಪಿಕ್‌ನಿಂದ ನಮಗೆ ಕ್ವಾರ್ಟರ್‌ಬ್ಯಾಕ್ ಕೇಲೆಬ್ ವಿಲಿಯಮ್ಸ್ ಬಂದ. ಬಾಗಿನ ಕೊಟ್ಟಿದ್ದಕ್ಕೆ ಥ್ಯಾಂಕ್ಸ್.

ಶಾರ್ಲೆಟ್ ಅಕ್ಕ:
ಬಾಗಿನದಲ್ಲಿ ಇನ್ನೊಂದು ಬಂತಲ್ಲ, ಮರೆತಿರಾ? ಆ 61ನೇ ಪಿಕ್ ಹಿಡಿದು ಐದು ಜಾಗ ಮೇಲೆ ಏರಿ ತೆಗೆದುಕೊಂಡಿದ್ದು ಟೈರೀಕ್ ಸ್ಟೀವನ್ಸನ್‌ನನ್ನು. 2024ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ ಮೇಲೆ ಕೊನೆಯ ಎಸೆತ ನಡೆಯುವಾಗ ಜನರ ಕಡೆ ತಿರುಗಿ ಕೈ ಬೀಸುತ್ತಿದ್ದನಲ್ಲ, ಆಮೇಲೆ ಓಡಿ ಬಂದು ಚೆಂಡನ್ನು ತಟ್ಟಿ ಎದುರಾಳಿ ಕೈಗೇ ಹಾಕಿದನಲ್ಲ, ಅವನೇ. 18-15. ಅರಿಶಿನ ಕುಂಕುಮದ ಜೊತೆ ಇಟ್ಟುಕೊಳ್ಳಿ.

ಮೈಸೂರು ಮೇಷ್ಟ್ರು, ಈಗ ಮಗಳ ಮನೆ:
ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಆರು ತಿಂಗಳಿಗೆ ಅಂತ ಬಂದಿದ್ದೇನೆ, ಅಳಿಯನ ಜೊತೆ ನೋಡುತ್ತೇನೆ. ಕೊನೆಗೆ ಬಂದ ತಂಡಕ್ಕೆ ಮೊದಲ ಆಯ್ಕೆ ಅಂದರೆ ಫೇಲಾದ ಹುಡುಗನಿಗೆ ಮೊದಲ ಬೆಂಚು ಕೊಟ್ಟ ಹಾಗಲ್ಲವೇ? ನಮ್ಮ ಐಪಿಎಲ್ ಹರಾಜೇ ವಾಸಿ. ದುಡ್ಡಿದ್ದವನು ಕೂಗುತ್ತಾನೆ. ಮತ್ತೆ, ಕೈಯಲ್ಲಿ ಹಿಡಿದು ಓಡುವ ಆಟಕ್ಕೆ ಫುಟ್‌ಬಾಲ್ ಅಂತ ಯಾಕೆ ಹೆಸರಿಟ್ಟರೋ.

ಪ್ಲೇನೊ ಸ್ಟಾರ್:
ಹೆಸರಿನ ಜಗಳ ಬೇಡ ಮೇಷ್ಟ್ರೇ, ಕೈ ಮುಗಿಯುತ್ತೇನೆ. ನಮ್ಮ ಮಾವನೂ ಪ್ರತಿ ಭಾನುವಾರ ಇದನ್ನೇ ಕೇಳುತ್ತಾರೆ.

ಸನ್ನಿವೇಲ್ ಸೀನಿಯರ್:
ಹರಾಜು ವಾಸಿಯಂತೆ! ಕೆ.ಎಲ್. ರಾಹುಲ್ ಆರ್‌ಸಿಬಿಯಿಂದ ಹೇಗೆ ಹೋದ ಮೇಷ್ಟ್ರೇ? 2018ರ ಹರಾಜಿನಲ್ಲಿ ಪಂಜಾಬ್ 11 ಕೋಟಿಗೆ ಕೂಗಿತು, ಮುಗೀತು. ಇಲ್ಲಿ ಡ್ರಾಫ್ಟ್ ಆದ ಹುಡುಗ ನಾಲ್ಕು ವರ್ಷ ನಮ್ಮವನೇ.

ಶಾರ್ಲೆಟ್ ಅಕ್ಕ:
ನಾಲ್ಕು ವರ್ಷ ನಿಮ್ಮವನು. ಲ್ಯಾನ್ಸ್ ಥರ.

ಎರೀ ಕೆರೆ ದಂಡೆ:
ಎಲ್ಲರದ್ದೂ ಮುಗಿಯಿತಾ? ನಾನು ಕ್ಲೀವ್‌ಲ್ಯಾಂಡ್ ಬ್ರೌನ್ಸ್.

2014ರಲ್ಲಿ ಡಲ್ಲಾಸ್ ಬೇಡ ಅಂದ ಮಾನ್ಜೆಲ್‌ನನ್ನು 22ನೇ ಪಿಕ್‌ನಲ್ಲಿ ತೆಗೆದುಕೊಂಡವರು ನಾವು. 2016ರಲ್ಲಿ 1-15. 2017ರಲ್ಲಿ 0-16. ಅದಕ್ಕೆ ಜನ 2018ರ ಜನವರಿಯಲ್ಲಿ ಮೆರವಣಿಗೆ ಮಾಡಿದರು, ಸ್ಟೇಡಿಯಂ ಸುತ್ತ ಸೊನ್ನೆ ಹಾಕಿಕೊಂಡು. ನಾನೂ ಹೋಗಿದ್ದೆ. ಕಿವಿ ಉದುರಿ ಹೋಗುವ ಚಳಿ. ಹೊಸ ಬೂಟು 140 ಡಾಲರ್, ಉಪ್ಪು ನೀರಲ್ಲಿ ಹಾಳಾಯಿತು. ಅದೇ ವರ್ಷ 1ನೇ ಪಿಕ್‌ನಲ್ಲಿ ಬೇಕರ್ ಮೇಫೀಲ್ಡ್ ಬಂದ, ಒಂದು ಪ್ಲೇಆಫ್ ಆಟವನ್ನೂ ಗೆದ್ದುಕೊಟ್ಟ. ಅವನ ಜಾಗಕ್ಕೆ 2022ರಲ್ಲಿ ಮೂರು ಮೊದಲ ಸುತ್ತಿನ ಪಿಕ್ ಕೊಟ್ಟು ಡೆಶಾನ್ ವಾಟ್ಸನ್‌ನನ್ನು ತಂದರು. 23 ಕೋಟಿ ಡಾಲರ್, ಪೂರ್ತಿ ಗ್ಯಾರಂಟಿ. ಆಡಲಿ ಬಿಡಲಿ. ಹೆಂಗಸರು ಕೊಟ್ಟ ಲೈಂಗಿಕ ದುರ್ವರ್ತನೆಯ ದೂರುಗಳಿಂದ ಮೊದಲ ವರ್ಷವೇ 11 ಆಟ ಸಸ್ಪೆಂಡ್. ಮನೆಯಲ್ಲಿ ಹೆಂಡತಿ ಹೇಳಿಬಿಟ್ಟಳು, ಆ ಹೆಸರಿನ ಜರ್ಸಿ ಹೊಸಿಲು ದಾಟಬಾರದು ಅಂತ. ಸರಿಯಾಗೇ ಹೇಳಿದಳು.

ಈಗ ನನ್ನ ಹತ್ತಿರ ಇರುವುದು ಒಂದೇ ಜರ್ಸಿ. ಹೆಸರಿನ ಮೇಲೆ ಟೇಪ್ ಅಂಟಿಸಿ ಹೊಸ ಕ್ವಾರ್ಟರ್‌ಬ್ಯಾಕ್ ಹೆಸರು ಮಾರ್ಕರ್‌ನಲ್ಲಿ ಬರೆಯುತ್ತೇನೆ. ವರ್ಷಕ್ಕೆ ಟೇಪ್ ಖರ್ಚು ನಾಲ್ಕು ಡಾಲರ್. ಈ ಸಲ ಮೂರನೇ ಸುತ್ತಿನಲ್ಲಿ ಒಬ್ಬ ಕ್ವಾರ್ಟರ್‌ಬ್ಯಾಕ್ ಗೇಬ್ರಿಯಲ್, ಐದನೇ ಸುತ್ತಿನಲ್ಲಿ 144ನೇಯವನಾಗಿ ಇನ್ನೊಬ್ಬ, ಶೆಡೂರ್ ಸ್ಯಾಂಡರ್ಸ್. ಒಂದೇ ಡ್ರಾಫ್ಟ್‌ನಲ್ಲಿ ಇಬ್ಬರು. ಟೇಪ್ ಎರಡು ಸುರುಳಿ ತಂದಿಟ್ಟಿದ್ದೇನೆ.

ನೇಪರ್‌ವಿಲ್ ಕರಡಿ:
ಇವರ ಮುಂದೆ ನನ್ನದೇನೂ ಇಲ್ಲ. ನಾನು ಕೂತುಕೊಳ್ಳುತ್ತೇನೆ.

ಪ್ಲೇನೊ ಸ್ಟಾರ್:
ನೋಡಿದಿರಾ ಹೊಸಬರೇ? ಮಾನ್ಜೆಲ್ ಬೇಡ ಅಂದ ಮನೆ ಯಾವುದು, ತಂದ ಮನೆ ಯಾವುದು?

ಎರೀ ಕೆರೆ ದಂಡೆ:
ಬೇಡ ಅಂದಿದ್ದು ಜೆರ್ರಿ ಅಲ್ಲ, ಮಗ. ನೀವೇ ಬರೆದಿದ್ದೀರಿ ಮೇಲೆ. ನಿಮ್ಮ ಮಾಲೀಕನ ಕೈಗೆ ಬಿಟ್ಟಿದ್ದರೆ ಟೇಪ್ ನೀವು ಕೊಳ್ಳಬೇಕಿತ್ತು.

ಪ್ಲೇನೊ ಸ್ಟಾರ್:
ಸೊನ್ನೆ ಹಾಕಿಕೊಂಡು ಮೆರವಣಿಗೆ ಮಾಡಿದವರಿಂದ ಪಾಠ ಕಲಿಯುವ ಗತಿ ನಮಗೆ ಬಂದಿಲ್ಲ.

ಶಾರ್ಲೆಟ್ ಅಕ್ಕ:
ಸ್ಟಾರ್ ಅವರೇ, ಮಾತು ಸ್ವಲ್ಪ ನಿಧಾನ. ಅವರು ಚಳಿಯಲ್ಲಿ ಹೋಗಿ ನಿಂತಿದ್ದರು. ನಿಮ್ಮವರು ಏಸಿಯಲ್ಲಿ ಆಡಿಯೂ ಕಣ್ಣಿಗೆ ಬಿಸಿಲು ಅಂತಾರೆ.

ಫ್ರಿಸ್ಕೊ ಹೊಸಬ:
ಎಲ್ಲರಿಗೂ ಧನ್ಯವಾದ. ಮಗನಿಗೆ ಎಲ್ಲವನ್ನೂ ಓದಿ ಹೇಳಿದೆ. ಅವನಿಗೆ ಆ ಟೇಪ್ ಅಂಟಿಸಿದ ಜರ್ಸಿಯ ಫೋಟೊ ಬೇಕಂತೆ. ನಾನು ಕೇಳಿದ ಥ್ಯಾಂಕ್ಸ್‌ಗಿವಿಂಗ್ ಟಿಕೆಟ್ ವಿಷಯ ಯಾರೂ ಹೇಳಲಿಲ್ಲ. ಚೀಫ್ಸ್ ಆಟಕ್ಕೆ ನಾಲ್ಕು ಸೀಟು, ಮೇಲಿನ ಸಾಲಾದರೂ ಪರವಾಗಿಲ್ಲ. ಯಾರಾದರೂ ಮಾರುವವರು ಇದ್ದಾರಾ?

ಪ್ಲೇನೊ ಸ್ಟಾರ್:
ನನ್ನ ಹತ್ತಿರ ಎರಡು ಇದೆ. ತಲಾ 450. ಇನ್‌ಬಾಕ್ಸ್‌ಗೆ ಬನ್ನಿ.

ನೇಪರ್‌ವಿಲ್ ಕರಡಿ:
ಒಂದು ಆಟವೂ ಬಿಡುವುದಿಲ್ಲ ಅಂದಿದ್ದಿರಿ?

ಪ್ಲೇನೊ ಸ್ಟಾರ್:
ಅವತ್ತು ಮನೆಗೆ ನೆಂಟರು ಬರುತ್ತಾರೆ.

ಸನ್ನಿವೇಲ್ ಸೀನಿಯರ್:
ಜುಲೈನಲ್ಲೇ ಗೊತ್ತಾಯಿತಾ?

ಎರೀ ಕೆರೆ ದಂಡೆ:
ಹೊಸಬರೇ, ಕೊಳ್ಳುವ ಮೊದಲು ಒಂದು ಕೇಳಿ. ಆಟ ಶುರುವಾಗುವುದು ಮಧ್ಯಾಹ್ನ ಮೂರೂವರೆಗೆ. ಆ ಸೀಟು ಕಿಟಕಿ ಕಡೆ ಮುಖ ಮಾಡಿದೆಯಾ?