ಪ್ರೀಕಾಸ್ಟ್ ಡೆಕ್ ಪ್ಯಾನಲ್: ಜಾಯಿಂಟ್ ಸೋರದಂತೆ ತುಂಬುವುದು ಹೇಗೆ?

ಪ್ರಶ್ನೆ: ಸರ್, ಸೇತುವೆಯ ಹಳೇ ಡೆಕ್ (ವಾಹನ ಓಡಾಡುವ ಹಾಸು) ಒಡೆದು, ಕೆಳಗಿನ ಉಕ್ಕಿನ ಗರ್ಡರ್ (ತೊಲೆ) ಹಾಗೇ ಉಳಿಸಿಕೊಂಡು, ಮೇಲೆ ಪ್ರೀಕಾಸ್ಟ್ ಪ್ಯಾನಲ್ (ಕಾರ್ಖಾನೆಯಲ್ಲೇ ಎರಕ ಹೊಯ್ದ ಕಾಂಕ್ರೀಟ್ ಹಲಗೆ) ಕೂರಿಸುವ ಕೆಲಸವಿದೆ. ಪ್ಯಾನಲ್‌ಗಳ ನಡುವಿನ ಜಾಯಿಂಟಿಗೆ ಮಾಮೂಲಿ ಗ್ರೌಟ್ (ಸಂದಿ ತುಂಬುವ ಸಿಮೆಂಟ್ ಗಾರೆ) ಸಾಕಾ, ಯುಎಚ್‌ಪಿಸಿನೇ (ಉಕ್ಕಿನ ನಾರು ಬೆರೆಸಿದ ಅತಿ ಗಟ್ಟಿ ಕಾಂಕ್ರೀಟ್) ಬೇಕಾ?

ಉತ್ತರ: ಯುಎಚ್‌ಪಿಸಿನೇ ಹಾಕಿ. ಕಾರ್ಖಾನೆಯಲ್ಲಿ ಚೆನ್ನಾಗಿ ಕ್ಯೂರ್ ಆಗಿ ಬಂದ ಪ್ಯಾನಲ್ ಕೈಕೊಡುವುದು ಅಪರೂಪ. ನೀರು ಇಳಿಯುವುದು ಜಾಯಿಂಟಿನಲ್ಲೇ. ಮಾಮೂಲಿ ಗ್ರೌಟ್ ಕುಗ್ಗಿ ಅಂಚು ಬಿಟ್ಟುಕೊಳ್ಳುತ್ತೆ. ಕೂದಲೆಳೆಯಷ್ಟು ಬಿರುಕು ಸಾಕು, ಗರ್ಡರ್ ತುಕ್ಕು ಹಿಡಿಯಲು. ಜಾಯಿಂಟಿನ ಅಗಲದಲ್ಲೂ ಲಾಭವಿದೆ: ಪ್ಯಾನಲಿನಿಂದ ಹೊರಚಾಚಿದ 16 ಎಂಎಂ ಸರಳಿಗೆ ವ್ಯಾಸದ ಎಂಟು ಪಟ್ಟು, ಅಂದರೆ ಸುಮಾರು 130 ಎಂಎಂ ಹಿಡಿತ ಸಾಕು, ಕವರ್ (ಸರಳನ್ನು ಮುಚ್ಚಿದ ಕಾಂಕ್ರೀಟಿನ ದಪ್ಪ) ವ್ಯಾಸದ ಮೂರು ಪಟ್ಟಾದರೂ ಇದ್ದರೆ. 150–200 ಎಂಎಂ ಜಾಯಿಂಟಿನಲ್ಲಿ ನೇರ ಸರಳೇ ಸಾಕಾಗುತ್ತೆ. ಮಾಮೂಲಿ ಕಾಂಕ್ರೀಟಿನಲ್ಲಿ ಅದೇ ಲ್ಯಾಪ್ (ಎರಡು ಸರಳು ಒಂದರ ಪಕ್ಕ ಒಂದು ಸಾಗುವ ಉದ್ದ) ಅರ್ಧ ಮೀಟರ್ ದಾಟುತ್ತೆ.

ಎಡವುವುದು ಪ್ಯಾನಲಿನ ಅಂಚಿನಲ್ಲಿ. ನುಣುಪು ಮುಖಕ್ಕೆ ಯುಎಚ್‌ಪಿಸಿ ಕೂಡ ಗಟ್ಟಿಯಾಗಿ ಅಂಟಲ್ಲ. ಪ್ಯಾನಲ್ ಎರಕದ ಅಚ್ಚಿಗೆ ರಿಟಾರ್ಡರ್ (ಸಿಮೆಂಟ್ ಗಟ್ಟಿಯಾಗುವುದನ್ನು ತಡಮಾಡುವ ದ್ರಾವಣ) ಬಳಿಸಿ, ಬಿಚ್ಚಿದ ಮೇಲೆ ನೀರಿನ ಜೆಟ್‌ನಲ್ಲಿ ತೊಳೆಸಿ. ಬೆರಳಾಡಿಸಿದರೆ ಜಲ್ಲಿ ಚುಚ್ಚಬೇಕು. ಸುರಿಯುವ ಮುನ್ನ ಅಂಚು ಚೆನ್ನಾಗಿ ನೆನೆದಿರಲಿ, ಆದರೆ ಮೇಲೆ ನೀರು ನಿಂತಿರಬಾರದು. ಒಣ ಅಂಚು ಮಿಶ್ರಣದ ನೀರು ಹೀರಿಬಿಡುತ್ತೆ. ಇದರಲ್ಲಿ ನೀರಿರುವುದೇ ಸಿಮೆಂಟು ಮತ್ತದರಂಥ ಪುಡಿಗಳ ತೂಕದ ಕಾಲು ಭಾಗಕ್ಕಿಂತ ಕಡಿಮೆ.

ಪ್ರಶ್ನೆ: ವೈಬ್ರೇಟರ್ ಹಾಕಬಹುದಾ? ವಾಹನ ಯಾವಾಗ ಬಿಡಬಹುದು?

ಉತ್ತರ: ವೈಬ್ರೇಟರ್ ಇಳಿಸಲೇಬೇಡಿ. ಘನಮೀಟರಿಗೆ ಸುಮಾರು 155 ಕೆಜಿ ಉಕ್ಕಿನ ನಾರಿರುತ್ತೆ, ಅಲುಗಾಡಿಸಿದರೆ ನಾರು ತಳಕ್ಕಿಳಿಯುತ್ತೆ. ಮಿಶ್ರಣ ತಾನಾಗೇ ಹರಿದು ಕೂರುತ್ತೆ. ಹಾಗೆ ಹರಿಯುವುದೇ ತಲೆನೋವು ಕೂಡ: ಶಟರಿಂಗಿನಲ್ಲಿ (ಸುರಿದದ್ದನ್ನು ಹಿಡಿದಿಡುವ ಹಲಗೆ ಕಟ್ಟಿನಲ್ಲಿ) ಸಣ್ಣ ಸಂದಿ ಇದ್ದರೂ ಸೋರುತ್ತೆ, ಮೊದಲೇ ನೀರು ನಿಲ್ಲಿಸಿ ನೋಡಿಕೊಳ್ಳಿ. ಮೇಲೆ ಪ್ಲೈವುಡ್ ಮುಚ್ಚಿ, ಎತ್ತರದ ತುದಿಯಲ್ಲಿ ತಳವಿಲ್ಲದ ಬಕೆಟ್ ಕೂರಿಸಿ ಮಿಶ್ರಣ ತುಂಬಿಡಿ. ಜಾಯಿಂಟಿನಲ್ಲಿ ಮಿಶ್ರಣ ಇಳಿದಂತೆಲ್ಲ ಬಕೆಟಿನಿಂದ ತಾನಾಗೇ ತುಂಬಿಕೊಳ್ಳುತ್ತೆ. ಸುಮಾರು 6 ಎಂಎಂ ಹೆಚ್ಚಿಗೆ ಸುರಿದು ಆಮೇಲೆ ಗ್ರೈಂಡ್ ಮಾಡಿಸಿ. ಒಂದು ಬ್ಯಾಚ್ ಮೇಲೆ ಪೊರೆ ಕಟ್ಟಿದ ಮೇಲೆ ಇನ್ನೊಂದು ಸುರಿದರೆ ನಾರು ಆಚೀಚೆ ದಾಟಲ್ಲ, ಬಿರುಕು ಅಲ್ಲೇ ಶುರು.

ವಾಹನಕ್ಕೆ ಗಂಟೆ ಲೆಕ್ಕ ಹಿಡಿಯಬೇಡಿ. ಸೈಟಿನ ತಾಪದಲ್ಲೇ ಇಟ್ಟ ಸಿಲಿಂಡರ್ (ಅದೇ ಮಿಶ್ರಣದ ಪರೀಕ್ಷಾ ಮಾದರಿ) ಒತ್ತಿ ನೋಡಿದಾಗ ಸುಮಾರು 100 ಎಂಪಿಎ (ಮೆಗಾಪಾಸ್ಕಲ್) ಬಲ ತೋರಿಸಲಿ. ಚಳಿ ಇದ್ದರೆ ಖಂಡಿತ ತಡವಾಗುತ್ತೆ.

ಇದನ್ನು ನೀವು ಕೇಳಲಿಲ್ಲ, ಆದರೂ ಹೇಳಲೇಬೇಕು: ಗರ್ಡರ್ ಮತ್ತು ಪ್ಯಾನಲ್ ನಡುವೆ ತುಂಬಿದ್ದು ಗಟ್ಟಿಯಾದ ಮೇಲೆ ಲೆವೆಲಿಂಗ್ ಬೋಲ್ಟ್ (ಪ್ಯಾನಲ್ ಕೂರಿಸುವಾಗ ಮಟ್ಟ ಹೊಂದಿಸುವ ಬೋಲ್ಟ್) ಬಿಚ್ಚಿಸಿ. ಮರೆತರೆ ಭಾರವೆಲ್ಲ ಆ ಬೋಲ್ಟುಗಳ ಮೇಲೇ ನಿಂತು, ಪ್ಯಾನಲ್ ಅಲ್ಲಿಂದಲೇ ಸೀಳುತ್ತೆ.