'ಅರ್ಲಿ ಇನ್‌ಸ್ಟ್ರುಮೆಂಟ್' ಮತ್ತು 'ಕನ್ಸಾರ್ಟ್': ಕನ್ನಡದಲ್ಲಿ ಏನೆನ್ನಬಹುದು?

ಮಾನ್ಯರೇ,

'ಫ್ರೆಟ್‌ವರ್ಕ್' ಎಂಬ ಇಂಗ್ಲೆಂಡಿನ ವಯಲ್ (ಕಮಾನಿನಿಂದ ನುಡಿಸುವ ಯೂರೋಪಿನ ತಂತಿವಾದ್ಯ) ವಾದಕರ ತಂಡವನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದು, ಮೇಲಿನ ಎರಡು ಪದಗಳ ವಿಷಯದಲ್ಲಿ ಬಲ್ಲವರ ಅಭಿಪ್ರಾಯ ಬೇಕಾಗಿದೆ. 1986ರಲ್ಲಿ ಮೊದಲ ಕಚೇರಿ ನಡೆಸಿದ ಈ ತಂಡವು ಬರ್ಡ್, ಗಿಬನ್ಸ್, ಡೌಲೆಂಡ್ ಮೊದಲಾದ ಹದಿನಾರು-ಹದಿನೇಳನೆಯ ಶತಮಾನಗಳ ಇಂಗ್ಲಿಷ್ ಸಂಗೀತ ರಚನಕಾರರ ರಚನೆಗಳನ್ನಷ್ಟೇ ಅಲ್ಲದೆ, ಐದು ವಯಲ್ ಹಾಗೂ ಸ್ತ್ರೀಕಂಠಕ್ಕಾಗಿ ಜಾರ್ಜ್ ಬೆಂಜಮಿನ್ 1990ರಲ್ಲಿ ರಚಿಸಿದ 'ಅಪಾನ್ ಸೈಲೆನ್ಸ್'ನಂತಹ ಹೊಸ ಕೃತಿಗಳನ್ನೂ ನುಡಿಸುತ್ತದೆ.

ಯೂರೋಪಿನ ಹಿಂದಿನ ಶತಮಾನಗಳ ಸಂಗೀತದಲ್ಲಿ ಬಳಕೆಯಲ್ಲಿದ್ದ ವಾದ್ಯವನ್ನು ಸೂಚಿಸುವ 'ಅರ್ಲಿ ಇನ್‌ಸ್ಟ್ರುಮೆಂಟ್' ಎಂಬುದಕ್ಕೆ 'ಪ್ರಾಚೀನ ವಾದ್ಯ' ಎಂದು ಬರೆದುಬಿಡುವುದು ಸುಲಭ. ಆದರೆ ವಯಲ್ ರೂಪುಗೊಂಡದ್ದು ಹದಿನೈದನೆಯ ಶತಮಾನದ ಕೊನೆಯ ಭಾಗದಲ್ಲಿ, ಅಂದರೆ ಹೆಚ್ಚುಕಡಿಮೆ ಪುರಂದರದಾಸರ ಕಾಲದಲ್ಲಿ. ನಡುಗನ್ನಡಕ್ಕೆ ಸೇರುವ ದಾಸರ ಪದಗಳಷ್ಟೇ ವಯಸ್ಸಿನ ವಾದ್ಯಕ್ಕೆ 'ಪ್ರಾಚೀನ' ಎಂಬ ವಿಶೇಷಣ ಭಾರವಾಗುತ್ತದೆ. 'ಹಳೆಯ ವಾದ್ಯ' ಎಂದರೆ ಇನ್ನೊಂದು ತೊಡಕು: ಇಂದು ನುಡಿಸುವ ವಯಲ್‌ಗಳಲ್ಲಿ ಬಹುಪಾಲು ಹಿಂದಿನ ಮಾದರಿಯನ್ನು ಅನುಸರಿಸಿ ಈಚೆಗೆ ಮಾಡಿದವು. ಆದುದರಿಂದ 'ಹಳೆಯ ಮಾದರಿಯ ವಾದ್ಯ' ಎಂಬುದೇ, ಉದ್ದವಾದರೂ, ನನಗೆ ಒಪ್ಪಿಗೆಯಾಗಿದೆ. ವಯಲ್‌ಗೆ ಮಾತ್ರ ಅದರ ಹೆಸರನ್ನೇ ಉಳಿಸಿಕೊಂಡಿದ್ದೇನೆ. ಆರು ತಂತಿಗಳುಳ್ಳ, ಕಾಲುಗಳ ನಡುವೆ ಹಿಡಿದು ನುಡಿಸುವ, ಕೊರಳಿಗೆ ಕರುಳಿನ ಎಳೆಗಳನ್ನು ಬಿಗಿದು ಮೆಟ್ಟಿಲು ಮಾಡಿಕೊಂಡ ಈ ವಾದ್ಯವನ್ನು 'ಪಿಟೀಲು' ಎಂದರೆ ಓದುಗರಿಗೆ ಚೌಡಯ್ಯನವರು ನೆನಪಾದಾರೇ ಹೊರತು ವಯಲ್ ಕಣ್ಣಿಗೆ ಕಟ್ಟಲಾರದು.

ನಿಜವಾದ ತೊಡಕಿರುವುದು 'ಕನ್ಸಾರ್ಟ್' ಪದದಲ್ಲಿ. ಒಂದೇ ಕುಟುಂಬದ ಟ್ರೆಬಲ್, ಟೆನರ್, ಬಾಸ್ (ಮೇಲಿನ, ನಡುವಿನ, ಕೆಳಗಿನ ಶ್ರುತಿಯ) ವಯಲ್‌ಗಳು ಕೂಡಿ ನುಡಿಸುವುದು, ಅವುಗಳಲ್ಲಿ ಯಾವುದೂ ಮತ್ತೊಂದಕ್ಕೆ ಪಕ್ಕವಾದ್ಯವಾಗದೆ ಪ್ರತಿಯೊಂದಕ್ಕೂ ತನ್ನದೇ ಸ್ವರಸಾಲು ಇರುವುದು, ಇದರ ಮುಖ್ಯ ಲಕ್ಷಣ. 'ವಾದ್ಯವೃಂದ' ಎಂದರೆ ಆರ್ಕೆಸ್ಟ್ರಾ ಎಂಬ ಅರ್ಥ ಈಗಾಗಲೇ ನೆಲೆನಿಂತಿದೆ. 'ವಾದ್ಯಗೋಷ್ಠಿ' ಎಂದೊಡನೆ ಮದುವೆಮನೆಯ ಚಿತ್ರಗೀತೆಗಳು ಕಿವಿಗೆ ಬೀಳುತ್ತವೆ. 'ಮೇಳ' ಎಂಬುದರಲ್ಲಿ ಕೂಡುವಿಕೆ, ಹೊಂದಿಕೆ ಎರಡೂ ಇರುವುದರಿಂದ 'ವಯಲ್ ಮೇಳ' ಎನ್ನೋಣವೆಂದರೆ, ಕರ್ನಾಟಕ ಸಂಗೀತದ ಎಪ್ಪತ್ತೆರಡು ಮೇಳಗಳೂ ಯಕ್ಷಗಾನದ ಮೇಳಗಳೂ ಅಡ್ಡ ಬರುತ್ತವೆ. ಹಾಗಿದ್ದರೂ ಸಂದರ್ಭವೇ ಅರ್ಥವನ್ನು ನಿರ್ಣಯಿಸುತ್ತದೆಂಬ ಧೈರ್ಯದಿಂದ ನಾನು ಸದ್ಯಕ್ಕೆ ಇದನ್ನೇ ಬಳಸಿದ್ದೇನೆ.

ವಯಲ್, ಕೊಳಲು, ಲ್ಯೂಟ್ (ಮೀಟಿ ನುಡಿಸುವ ತಂತಿವಾದ್ಯ) ಹೀಗೆ ಬೇರೆ ಬೇರೆ ಜಾತಿಯ ವಾದ್ಯಗಳು ಸೇರಿದಾಗ ಇಂಗ್ಲಿಷಿನವರು 'ಬ್ರೋಕನ್ ಕನ್ಸಾರ್ಟ್' ಎನ್ನುತ್ತಾರೆ. 'ಮುರಿದ ಮೇಳ' ಎಂಬುದು ಅಪಶಕುನದಂತಿದೆ. 'ಮಿಶ್ರಮೇಳ' ಎಂದರೆ ಸಂಗೀತ ಬಲ್ಲವರಿಗೆ ರಾಗಲಕ್ಷಣದ ಗೊಂದಲ ಉಂಟಾದೀತೇ, ಇದಕ್ಕಿಂತ ಒಳ್ಳೆಯ ಪದ ಯಾರಾದರೂ ಬಳಸಿದ್ದುಂಟೇ ಎಂಬುದನ್ನು ದಯವಿಟ್ಟು ತಿಳಿಸಬೇಕು.