ಅಮ್ಮನ ಫೋನಿಗೆ ಆರು ಸ್ವಿಚ್ಚು

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ದೊಡ್ಡಪ್ಪನದೊಂದು ಕಟ್ಟಳೆ ಇದೆ: ಬರೆಯುವುದಾದರೆ ಅಚ್ಚಿನ ಕನ್ನಡದಲ್ಲಿ ಬರೆಯಬೇಕು. ಅವರು ಉಡುಪಿಯಲ್ಲಿ ಕನ್ನಡ ಪಂಡಿತರಾಗಿ ನಿವೃತ್ತರಾದವರು. ಮನೆಯಲ್ಲಿ ನಾವೆಲ್ಲ ಮಾತನಾಡುವುದು ತುಳು, ಕನ್ನಡ ಕಲಿತದ್ದು ಶಾಲೆಯಲ್ಲಿ. ಹಾಗಾಗಿ ಈ ಕಟ್ಟಳೆ ಯಾರಿಗೂ ಭಾರವಾಗಿಲ್ಲ. ಕಳೆದ ಭಾನುವಾರ ಮಳೆ ಬಿಡಲಿಲ್ಲ, ಜಗಳವೂ ಬಿಡಲಿಲ್ಲ. ಹೆಸರುಗಳನ್ನು ನನ್ನ ಫೋನಿನಲ್ಲಿ ಇರುವಂತೆಯೇ ಇಟ್ಟಿದ್ದೇನೆ. ಪುಟ್ಟ ಅಕ್ಕನ ಮಗ, ಮಲ್ಪೆ ಭಾವ ಅವನ ಅಪ್ಪ, ಅವನ ಅಜ್ಜಿ ಎಂದರೆ ನನ್ನ ಅಮ್ಮ. ಅಕ್ಕ ನಡುನಡುವೆ ಕಳಿಸಿದ ಪತ್ರೊಡೆಯ ಚಿತ್ರಗಳನ್ನು ಬಿಟ್ಟಿದ್ದೇನೆ.

ಪುಟ್ಟ: ಅಜ್ಜಿಯ ಫೋನಿನ ಬ್ಯಾಟರಿ ಉಬ್ಬಿದೆಯಂತೆ. ಈ ಚಿತ್ರ ನೋಡಿ, ಇದು ಪೈನ್‌ಫೋನ್. ಹಿಂದಿನ ಮುಚ್ಚಳವನ್ನು ಉಗುರಿನಿಂದ ಎಬ್ಬಿಸಿದರೆ ಬ್ಯಾಟರಿ ಕೈಗೆ ಬರುತ್ತದೆ. ಒಳಗೆ ಆರು ಸ್ವಿಚ್ಚುಗಳಿವೆ. ಮೋಡೆಮ್, ವೈಫೈ, ಮೈಕು, ಎರಡು ಕ್ಯಾಮೆರಾ, ಇಯರ್‌ಫೋನ್, ಯಾವುದು ಬೇಡವೋ ಅದನ್ನು ಆಫ್ ಮಾಡಬಹುದು. ತಂತ್ರಾಂಶ ಪೂರ್ತಿ ಲಿನಕ್ಸ್, ಅಂದರೆ ಯಾರು ಬೇಕಾದರೂ ನೋಡಿ ತಿದ್ದಬಹುದಾದ ಮುಕ್ತ ತಂತ್ರಾಂಶ. ಹಾಸ್ಟೆಲಿನ ಗೆಳೆಯನೊಬ್ಬ ಮಾರುತ್ತಿದ್ದಾನೆ, ನೋಡಲೆಂದು ತಂದಿದ್ದೇನೆ. ಅಜ್ಜಿಗೆ ಕೊಡಿಸೋಣವೇ?

ಸುರತ್ಕಲ್ ಮಾವ: ಸ್ವಿಚ್ಚು ಮುಚ್ಚಳದ ಒಳಗೇಕೆ ಮಾರಾಯ? ನಾನು ಮೂವತ್ತೊಂದು ವರ್ಷ ವಿದ್ಯುತ್ ಕಂಬ ಹತ್ತಿದವನು. ಕೈಗೆ ಸಿಗುವಲ್ಲಿ ಇದ್ದರೆ ಅದು ಸ್ವಿಚ್ಚು. ಪೆಟ್ಟಿಗೆಯೊಳಗೆ ಇದ್ದರೆ ಫ್ಯೂಸು.

ಪುಟ್ಟ: ಅಜ್ಜ, ಲಿಬ್ರೆಮ್ 5 ಎಂಬ ಇನ್ನೊಂದು ಫೋನಿನಲ್ಲಿ ಮೂರು ಸ್ವಿಚ್ಚುಗಳು ಪಕ್ಕದಲ್ಲೇ ಇವೆ. ಆದರೆ 2017ರಲ್ಲಿ ಮುಂಗಡ ಹಣ ಸಂಗ್ರಹಿಸುವಾಗಲೇ ಅದರ ಬೆಲೆ 599 ಡಾಲರ್ ಇತ್ತು. ಇದು ಬಿಡುಗಡೆಯಾದಾಗ 149 ಇತ್ತು.

ನಾನು: ಪಕ್ಕದಲ್ಲಿದ್ದರೂ ತೊಂದರೆಯೇ. ಅಮ್ಮನ ಚೀಲದಲ್ಲಿ ಬೀಗದ ಕೈ, ತೆಂಗಿನಕಾಯಿ, ಫೋನು ಎಲ್ಲ ಒಟ್ಟಿಗೆ ಇರುತ್ತವೆ. ತಾಗಿ ಆಫ್ ಆದರೆ ಅವರಿಗೆ ಗೊತ್ತಾಗುವುದು ಹೇಗೆ?

ಮಲ್ಪೆ ಭಾವ: ಮೊದಲು ಇದನ್ನು ಹೇಳಿ. ಉಗುರಿನಿಂದ ಏಳುವ ಮುಚ್ಚಳದೊಳಗೆ ನೀರು ಹೋಗುವುದಿಲ್ಲವೇ? ನಮ್ಮ ಮಂಜುಗಡ್ಡೆ ಕಾರ್ಖಾನೆಯಲ್ಲಿ ಉಪ್ಪುಗಾಳಿಗೆ ಕಬ್ಬಿಣದ ಬಾಗಿಲೇ ಉಳಿಯುವುದಿಲ್ಲ. ಅಂಟು ಹಾಕಿ ಮುಚ್ಚಿದ ಫೋನೇ ಗಟ್ಟಿ.

ನಾನು: ಭಾವ, ಅಂಟೇ ಬೇಕೆಂದಿಲ್ಲ. 2014ರ ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್5ರ ಮುಚ್ಚಳ ತೆಗೆಯಬಹುದಿತ್ತು, ಬ್ಯಾಟರಿ ಬದಲಿಸಬಹುದಿತ್ತು, ಆದರೂ ಅದಕ್ಕೆ ನೀರು ತಡೆಯುವ ಐಪಿ67 ದರ್ಜೆ ಇತ್ತು. ಮುಚ್ಚಳದ ಅಂಚಿಗೆ ರಬ್ಬರ್ ಕೊಟ್ಟಿದ್ದರು, ಅಷ್ಟೇ.

ಮಲ್ಪೆ ಭಾವ: ಪುಟ್ಟನ ಫೋನಿಗೆ ಆ ರಬ್ಬರ್ ಇದೆಯೇ?

ಪುಟ್ಟ: ಇಲ್ಲ ಅಪ್ಪ.

ಭಾವ ಇಲ್ಲಿ ಒಂದು ನಗುಮುಖ ಹಾಕಿದರು. ಅವರ ನಗುಮುಖ ಬಂತೆಂದರೆ ಜಗಳ ಅರ್ಧ ಗೆದ್ದಂತೆ ಎಂದು ಅವರ ಲೆಕ್ಕ.

ಅಕ್ಕ: ಈ ಬ್ಯಾಟರಿಯಾದರೂ ಮಂಗಳೂರಿನಲ್ಲಿ ಸಿಗುತ್ತದೆಯೇ? ಅಮ್ಮನ ಫೋನನ್ನು ಹಂಪನಕಟ್ಟೆಯ ರಿಪೇರಿ ಅಂಗಡಿಗೆ ತೆಗೆದುಕೊಂಡು ಹೋದರೆ, ಬಿಸಿ ಮಾಡಿ ಅಂಟು ಬಿಡಿಸಬೇಕು, ಪರದೆ ಒಡೆದರೆ ನಮ್ಮ ಹೊಣೆಯಲ್ಲ ಎಂದರು.

ಪುಟ್ಟ: ಸಿಗುತ್ತದೆ ಅಮ್ಮ. ಇದಕ್ಕೆ 2015ರ ಸ್ಯಾಮ್‌ಸಂಗ್ ಜೆ7ರ ಬ್ಯಾಟರಿ ಸರಿಹೊಂದುತ್ತದೆ. ಬೇಕೆಂದೇ ಹಾಗೆ ವಿನ್ಯಾಸ ಮಾಡಿದ್ದಾರೆ.

ಅಕ್ಕ: ದೊಡ್ಡಮ್ಮನ ಕಪಾಟಿನಲ್ಲಿ ಒಂದು ಜೆ7 ಇದೆಯಲ್ಲ! ಹೊಸ ಬ್ಯಾಟರಿ ಹಾಕಿ ಅದನ್ನೇ ಅಮ್ಮನಿಗೆ ಕೊಟ್ಟರೆ ಮುಗಿಯಿತು.

ನಾನು: ಬ್ಯಾಟರಿ ಹಾಕಬಹುದು ಅಕ್ಕ, ಆದರೆ ಅದಕ್ಕೆ ತಂತ್ರಾಂಶದ ತಿದ್ದುಪಡಿ ಬರುವುದು ನಿಂತು ಎಷ್ಟೋ ವರ್ಷವಾಯಿತು. ಅದರಲ್ಲಿ ಬ್ಯಾಂಕಿನ ವ್ಯವಹಾರ ಬೇಡ.

ದೊಡ್ಡಪ್ಪ: ಬ್ಯಾಟರಿ ಸಿಗುತ್ತದೆ, ಫೋನು ಗಟ್ಟಿಯಾಗಿದೆ, ಆದರೂ ಬಳಸಬಾರದು. ಇದು ಯಾವ ನ್ಯಾಯ?

ನಾನು: ಹಳೆಯ ಫೋನಿನಲ್ಲಿ ಮೊದಲು ಸಾಯುವುದು ಸಾಮಾನ್ಯವಾಗಿ ತಂತ್ರಾಂಶವೇ, ದೊಡ್ಡಪ್ಪ. ಚಿಪ್ಪು ಮಾಡಿದವರು ತಮ್ಮದೇ ತಿದ್ದುಪಡಿಗಳನ್ನು ಸೇರಿಸಿದ ಲಿನಕ್ಸ್ ಕರ್ನಲ್ಲನ್ನು, ಅಂದರೆ ತಂತ್ರಾಂಶದ ತಿರುಳನ್ನು, ಕೊಟ್ಟಿರುತ್ತಾರೆ. ಅವರು ಕೈಬಿಟ್ಟ ದಿನ ಅದು ಅನಾಥ. ಪುಟ್ಟನ ಫೋನಿನವರು ಆಲ್‌ವಿನ್ನರ್ ಎ64 ಎಂಬ ಹಳೆಯ, ನಿಧಾನದ ಚಿಪ್ಪನ್ನು ಆರಿಸಿದ್ದು ಜಿಪುಣತನದಿಂದ ಮಾತ್ರವಲ್ಲ. ಅದರ ಗುಟ್ಟುಗಳನ್ನು ಸ್ವಯಂಸೇವಕರು ಬಿಡಿಸಿ ಮೂಲ ಕರ್ನಲ್ಲಿಗೇ ಸೇರಿಸಿದ್ದಾರೆ. ಯಾವ ಕಂಪನಿ ಮುಚ್ಚಿದರೂ ಹೊಸ ಕರ್ನಲ್ ಬರುತ್ತಲೇ ಇರುತ್ತದೆ.

ಮಲ್ಪೆ ಭಾವ: ಚಿಪ್ಪು ಎಂದರೆ ನಮ್ಮಲ್ಲಿ ಮರುವಾಯಿಯದು.

ದೊಡ್ಡಪ್ಪ: ಅವಳನ್ನು ಮಾತನಾಡಲು ಬಿಡು. ಮಗಾ ಪುಟ್ಟ, ಮುಕ್ತ ಮುಕ್ತ ಎನ್ನುತ್ತೀಯಲ್ಲ, ಇದರಲ್ಲಿ ಎಲ್ಲವೂ ಮುಕ್ತವೇ?

ಪುಟ್ಟ ಹತ್ತು ನಿಮಿಷ ಉತ್ತರ ಕೊಡಲಿಲ್ಲ. ಪ್ರಾಮಾಣಿಕ ಹುಡುಗ. ಅವನ ಪರವಾಗಿ ನಾನೇ ಬರೆದೆ.

ನಾನು: ಇಲ್ಲ ದೊಡ್ಡಪ್ಪ. ಮೋಡೆಮ್ ಒಬ್ಬ ಬಾಡಿಗೆದಾರ ಎಂದುಕೊಳ್ಳಿ. ಟವರಿನೊಂದಿಗೆ ಮಾತನಾಡುವವನು ಅವನು. ಅವನ ಕೋಣೆಯ ಬೀಗದ ಕೈ ನಮಗೆ ಯಾರೂ ಕೊಡುವುದಿಲ್ಲ. ಈಗಿನ ಹೆಚ್ಚಿನ ಫೋನುಗಳಲ್ಲಿ ಅವನು ನಮ್ಮ ಮನೆಯೊಳಗೇ, ಅದೇ ಚಿಪ್ಪಿನಲ್ಲಿ ಇರುತ್ತಾನೆ. ನಡುವೆ ಗೋಡೆ ಇದೆ ಎಂದು ಚಿಪ್ಪು ಮಾಡಿದವರು ಹೇಳುತ್ತಾರೆ, ಆದರೆ ಗೋಡೆ ಕಟ್ಟಿದವರೂ ಅವರೇ. ಪೈನ್‌ಫೋನ್, ಲಿಬ್ರೆಮ್ ಎರಡರಲ್ಲೂ ಅವನನ್ನು ಹಿತ್ತಲಿನ ಬೇರೆ ಕೋಣೆಗೆ ಕಳಿಸಿ, ನಡುವೆ ಯುಎಸ್‌ಬಿ ಎಂಬ ಒಂದು ಕಿಟಕಿ ಇಟ್ಟಿದ್ದಾರೆ. ಕಿಟಕಿಯಿಂದ ಕೊಟ್ಟದ್ದನ್ನು ಅವನು ತೆಗೆದುಕೊಳ್ಳಬೇಕು, ನಮ್ಮ ಅಡುಗೆಮನೆಗೆ ಬರುವಂತಿಲ್ಲ.

ಸುರತ್ಕಲ್ ಮಾವ: ಆದರೆ ನಾವು ಫೋನಿನಲ್ಲಿ ಆಡುವ ಮಾತು ಅವನ ಮೂಲಕವೇ ಹೋಗುತ್ತದಲ್ಲ?

ನಾನು: ಹೌದು ಮಾವ. ಅದಕ್ಕೆ ಕಿಟಕಿಯೂ ಪರಿಹಾರವಲ್ಲ, ಸ್ವಿಚ್ಚೂ ಪರಿಹಾರವಲ್ಲ.

ಪುಟ್ಟ: ಪೈನ್‌ಫೋನಿನ ಮೋಡೆಮ್ ಒಳಗೂ ಒಂದು ಸಣ್ಣ ಲಿನಕ್ಸ್ ಇದೆ ದೊಡ್ಡಜ್ಜ. ಅದನ್ನು ಜನ ಬಹುಪಾಲು ಬದಲಿಸಿದ್ದಾರೆ. ರೇಡಿಯೋ ನಡೆಸುವ ಭಾಗ ಮಾತ್ರ ಇನ್ನೂ ಮುಚ್ಚಿಯೇ ಇದೆ.

ಅಕ್ಕ: ಕೋಣೆ, ಕಿಟಕಿ ಇರಲಿ. ಅಮ್ಮ ಬಂಗುಡೆಗೆ ದುಡ್ಡು ಕೊಡುವುದು ಹೇಗೆ? ಮೀನಿನಾಕೆಯ ಬುಟ್ಟಿಗೂ ಕ್ಯೂಆರ್ ಚೀಟಿ ಬಂದಿದೆ.

ಪುಟ್ಟ: ಬ್ಯಾಂಕಿನ ಆ್ಯಪ್‌ಗಳು ಲಿನಕ್ಸ್‌ಗೆ ಇಲ್ಲ. ಆಂಡ್ರಾಯ್ಡನ್ನು ಒಳಗೆ ಕೂರಿಸಿ ನಡೆಸಬಹುದು, ಆದರೆ ಬ್ಯಾಂಕಿನವರು ಅದನ್ನು ಒಪ್ಪುತ್ತಾರೆ ಎಂಬ ಭರವಸೆ ಇಲ್ಲ. 2022ರಲ್ಲಿ ಬಂದ ಯುಪಿಐ 123ಪೇ ಇದೆ, ಕರೆ ಮಾಡಿ ಹಣ ಕಳಿಸಬಹುದು.

ಅಕ್ಕ: ಕರೆ ಮಾಡಿ, ಅಂಕಿ ಒತ್ತಿ ಮುಗಿಸುವವರೆಗೆ ಆಕೆ ಬುಟ್ಟಿ ಹೊತ್ತು ನಿಲ್ಲುತ್ತಾಳೆಯೇ?

ನನಗೆ ಈ ಫೋನುಗಳ ಮೇಲೆ ಹಳೆಯ ಮೋಹವಿದೆ. 2008ರಲ್ಲಿ ಓಪನ್‌ಮೊಕೊದವರು ಫ್ರೀರನ್ನರ್ ಎಂಬ ಮುಕ್ತ ತಂತ್ರಾಂಶದ ಫೋನು ತಂದಾಗ ಅದರ ಚಿತ್ರವನ್ನು ಕಚೇರಿಯ ಮೇಜಿನ ಮೇಲೆ ಅಂಟಿಸಿಕೊಂಡಿದ್ದೆ. ಹೊರಕವಚದ ನಕ್ಷೆಯನ್ನೂ ಜಗತ್ತಿಗೆ ಬಿಟ್ಟುಕೊಟ್ಟಿದ್ದರು. ಅದು 2ಜಿ ಫೋನು. ಇಂದು ನನ್ನ ಬಳಿ ಇದ್ದಿದ್ದರೆ ಅಮ್ಮನ ಜಿಯೋ ಸಿಮ್ ಹಾಕಿ ಪ್ರಯೋಜನವಿರಲಿಲ್ಲ, ಜಿಯೋಗೆ 2ಜಿಯೂ ಇಲ್ಲ, 3ಜಿಯೂ ಇಲ್ಲ. ಮೋಹ ಬೇರೆ, ಎಪ್ಪತ್ತೆರಡರ ಅಮ್ಮನ ಕೈಗೆ ಕೊಡುವುದು ಬೇರೆ. ಆದ್ದರಿಂದ ನಾನು ಕೇಳಿದ್ದು ಒಂದೇ ಪ್ರಶ್ನೆ.

ನಾನು: ಪುಟ್ಟ, ಮಲಗಿದ ಫೋನು ಕರೆ ಬಂದಾಗ ಏಳುತ್ತದೆಯೇ?

ಪುಟ್ಟ: ಏಳುತ್ತದೆ ಚಿಕ್ಕಮ್ಮ. ಎಚ್ಚರವಾಗಿಯೇ ಇಟ್ಟರೆ ಬ್ಯಾಟರಿ ಸಂಜೆಯವರೆಗೂ ಬರುವುದಿಲ್ಲ. ಅದಕ್ಕೆ ಮುಖ್ಯ ಚಿಪ್ಪನ್ನು ಮಲಗಿಸಿ ಮೋಡೆಮ್ ಮಾತ್ರ ಕಾವಲು ಕಾಯುವಂತೆ ಮಾಡಿದ್ದಾರೆ. ಕರೆ ಬಂದರೆ ಅದು ಎಬ್ಬಿಸುತ್ತದೆ. ಕೆಲವು ಕ್ಷಣ ಬೇಕು.

ಸುರತ್ಕಲ್ ಮಾವ: ಬಾಡಿಗೆದಾರನೇ ಕಾವಲುಗಾರ! ಈಗಲೇ ಕರೆ ಮಾಡುತ್ತೇನೆ, ನಿನ್ನ ಸಿಮ್ ಅದಕ್ಕೆ ಹಾಕು.

ಏಳು ನಿಮಿಷ ಗುಂಪಿನಲ್ಲಿ ಸದ್ದಿಲ್ಲ. ದೊಡ್ಡಪ್ಪ ಮಾತ್ರ ಏನಾಯಿತು ಎಂದು ಎರಡು ಸಲ ಕೇಳಿದರು.

ಸುರತ್ಕಲ್ ಮಾವ: ಐದನೆಯ ರಿಂಗಿಗೆ ಎತ್ತಿದ. ಆದರೆ ಅವನ ಮಾತು ನನಗೆ ಒಂದಕ್ಷರವೂ ಕೇಳಿಸಲಿಲ್ಲ.

ಪುಟ್ಟ: ನಿಮ್ಮ ಮಾತು ನನಗೆ ಚೆನ್ನಾಗಿ ಕೇಳಿಸಿತು ಅಜ್ಜ. ಈಗ ನೋಡಿದೆ. ಮೂರನೆಯ ಸ್ವಿಚ್ಚು ಆಫ್ ಇತ್ತು. ಮೈಕಿನದು. ಗೆಳೆಯ ಹಾಗೆಯೇ ಬಿಟ್ಟಿದ್ದಾನೆ. ಅದನ್ನು ಸರಿಸಲು ಒಂದು ಪಿನ್ನು ಬೇಕು, ಹುಡುಕುತ್ತಿದ್ದೇನೆ.

ಸುರತ್ಕಲ್ ಮಾವ: ಫ್ಯೂಸು ಎಂದು ಮಧ್ಯಾಹ್ನವೇ ಹೇಳಿದ್ದೆ.

ಅಮ್ಮ ಗುಂಪಿನಲ್ಲಿ ಬರೆಯುವವರಲ್ಲ. ರಾತ್ರಿ ತುಳುವಿನಲ್ಲಿ ಒಂದು ಧ್ವನಿ ಸಂದೇಶ ಬಂತು. ಹಿನ್ನೆಲೆಯಲ್ಲಿ ಹಂಚಿನ ಮೇಲಿನ ಮಳೆ. ಹಂಪನಕಟ್ಟೆಯವನಿಗೇ ಫೋನು ಕೊಟ್ಟು ಬನ್ನಿ, ಪರದೆ ಒಡೆದರೆ ಆಗ ನೋಡೋಣ ಎಂದರು. ಆಮೇಲೆ ಸ್ವಲ್ಪ ತಡೆದು, ಪುಟ್ಟನಿಗೆ ಅದು ಇಷ್ಟವಿದ್ದರೆ ಅವನೇ ಇಟ್ಟುಕೊಳ್ಳಲಿ, ಹಣ ನಾನು ಕೊಡುತ್ತೇನೆ, ಒಂದು ಪಿನ್ನಿನ ಡಬ್ಬಿಯನ್ನೂ ಕಳಿಸುತ್ತೇನೆ ಎಂದರು.